ತಕ್ಕಡಿ ಕಾರ್ಖಾನೆಯಲ್ಲಿ ನಾನು ಕಳೆದ ಮಿಲಿಗ್ರಾಂಗಳು

ಕಳೆದ ವರ್ಷ ಕಂಪನಿಯವರು ನನ್ನನ್ನು ಕರೆಸಿ, ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅರ್ಧ ಗಂಟೆ ಅನುಭವ ಹೇಳಿ ಎಂದರು. ನಾನು ಎರಡೂಕಾಲು ಗಂಟೆ ಮಾತಾಡಿದೆ. ಊಟದ ಹೊತ್ತು ಮೀರಿತು, ಅನ್ನ ಆರಿತು, ಹಿಂದಿನ ಬೆಂಚಿನ ಇಬ್ಬರು ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವ ವಿದ್ಯೆ ಕಲಿತರು. ಅಷ್ಟಾದರೂ ನನ್ನ ಕಥೆ ಕೆಲಸಕ್ಕೆ ಸೇರಿದ ದಿನದ ಮಧ್ಯಾಹ್ನವನ್ನು ದಾಟಿರಲಿಲ್ಲ. "ಉಳಿದದ್ದನ್ನ ಬರೆದುಕೊಡಿ ಅಕ್ಕಾ" ಎಂದು ನಯವಾಗಿ ಮೈಕು ಇಸಿದುಕೊಂಡರು. ಹಾಗಾಗಿ ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಆ ಶಾಲು ಈಗ ನಮ್ಮನೆಯ ಇಸ್ತ್ರಿ ಮೇಜಿನ ಮೇಲಿದೆ. ನಿಮಗೆ ಉಪಯೋಗಕ್ಕೆ ಬರುವುದು ನಾನು ಕೆಡಿಸಿದ ಕೆಲಸಗಳೇ.

ನಾನು ಕೋಲಸಿರ್ಸಿಯ ಗದ್ದೆ ಕೆಲಸದ ಮನೆಯವಳು. ಪಿಯುಸಿಯಲ್ಲಿ ಒಂದು ವಿಷಯ ಬಿಟ್ಟು ಎಲ್ಲ ಪಾಸಾಗಿದ್ದೆ. ಆ ಒಂದು ವಿಷಯ ಭೌತಶಾಸ್ತ್ರ. ತೊಂಬತ್ತರ ದಶಕದ ಶುರುವಿನಲ್ಲಿ ಸಿದ್ದಾಪುರದ ತಕ್ಕಡಿ ಕಾರ್ಖಾನೆಯಲ್ಲಿ ಹುಡುಗಿಯರು ಬೇಕಂತೆ ಎಂಬ ಸುದ್ದಿ ಬಂತು. ದಿನಸಿ ಅಂಗಡಿಯ ತಕ್ಕಡಿ ಮಾಡುವ ಜಾಗ ಇರಬೇಕು ಎಂದುಕೊಂಡು ಹೋದೆ. ಅಕ್ಕಿ ಗಿರಣಿಯ ಹಿಂದೆ ಒಂದು ಉದ್ದನೆಯ ಶೆಡ್ಡು. ಒಳಗೆ ಭಟ್ಟರು ಕೂತಿದ್ದರು. ಅವರು ಹದಿನೈದು ವರ್ಷ ಮುಂಬೈಯಲ್ಲಿ ಪ್ರಯೋಗಶಾಲೆಯ ಉಪಕರಣ ಮಾಡುವ ಕಡೆ ದುಡಿದು, ಒಂದು ಲೇತ್ ಯಂತ್ರ ತಗೊಂಡು ಊರಿಗೆ ಮರಳಿ ಈ ಕಂಪನಿ ಕಟ್ಟಿದವರು. ನಾನು ಅವರೆದುರು ತೋಳು ತೋರಿಸಿ, "ಮಣ ಭಾರ ಎತ್ತಿದ್ದಿದೆ ಭಟ್ರೆ, ಎಷ್ಟು ದೊಡ್ಡ ತಕ್ಕಡಿಯಾದ್ರೂ ಅಡ್ಡಿಲ್ಲ" ಎಂದೆ.

ಅವರು ನಗಲಿಲ್ಲ. ಮೇಜಿನ ಮೇಲೆ ಒಂದು ಗಾಜಿನ ಪೆಟ್ಟಿಗೆ ಇತ್ತು. ಒಳಗೆ ಹಿತ್ತಾಳೆಯ ಸಪೂರ ದಂಡ, ಎರಡು ಪುಟ್ಟ ತಟ್ಟೆ, ನಡುವೆ ಗಡಿಯಾರದ ಮುಳ್ಳಿನಂಥ ಒಂದು ಮುಳ್ಳು.

"ಒಂದು ತಲೆಕೂದಲು ಕಿತ್ತು ಕೊಡು" ಎಂದರು.

ಕೊಟ್ಟೆ. ಅದನ್ನು ಸುತ್ತಿ ಒಂದು ತಟ್ಟೆಯಲ್ಲಿಟ್ಟು, ಗಾಜಿನ ಬಾಗಿಲು ಮುಚ್ಚಿ, ಕೆಳಗಿನ ತಿರುಪು ತಿರುಗಿಸಿದರು. ಮುಳ್ಳು ನಿಧಾನಕ್ಕೆ ಒಂದು ಕಡೆ ವಾಲಿತು.

"ಇದು ನಿನ್ನ ಕೂದಲು ತೂಗೂ ತಕ್ಕಡಿ. ಇಲ್ಲಿ ಶಕ್ತಿ ಬೇಡ. ಉಸಿರು ಬಿಗಿಹಿಡಿದು, ಬಾಯಿ ಮುಚ್ಚಿ ಕೂರಲಿಕ್ಕೆ ಬರ್ತದಾ?"

"ಬರ್ತದೆ ಭಟ್ರೆ."

ಕೆಲಸದ ಮೊದಲ ದಿನವೇ ನಾನು ಹೇಳಿದ ಸುಳ್ಳು ಅದು. ಸಂಜೆ ಮನೆಗೆ ಬಂದು ಹೇಳಿದಾಗ ಅಮ್ಮ ಒಲೆ ಊದುವುದನ್ನು ನಿಲ್ಲಿಸಿ, "ಬಾಯಿ ಮುಚ್ಚಿ ಕೂತ್ರೆ ಸಂಬಳ ಕೊಡ್ತಾರಾ? ಹಂಗಾರೆ ನಿಂಗೆ ಆ ಸಂಬಳ ಸಿಕ್ಕೂದಿಲ್ಲ ಬಿಡು" ಎಂದಿದ್ದಳು.

ನಮ್ಮ ತೂಕದ ಕೋಣೆ ಶೆಡ್ಡಿನ ಹಿಂದಿನ ತುದಿಯಲ್ಲಿತ್ತು. ಅಲ್ಲಿ ಫ್ಯಾನು ಹಾಕುವಂತಿಲ್ಲ, ಕಿಟಕಿ ತೆರೆಯುವಂತಿಲ್ಲ, ಮಾತಾಡುವಂತಿಲ್ಲ. ಇಷ್ಟೆಲ್ಲ ಕಟ್ಟುನಿಟ್ಟು ಮಾಡಿದ ಭಟ್ಟರು ಶೆಡ್ಡು ಕಟ್ಟುವಾಗ ಪಕ್ಕದ ಗಿರಣಿಯನ್ನು ಮರೆತಿದ್ದರು. ಗಿರಣಿ ಶುರುವಾದರೆ ನೆಲ ನಡುಗಿ ಎಲ್ಲ ಮುಳ್ಳುಗಳೂ ಕುಣಿಯುತ್ತಿದ್ದವು. ಹಾಗಾಗಿ ಊರಿನ ಎಲ್ಲ ಕಾರ್ಖಾನೆಗಳೂ ಕರೆಂಟು ಹೋದರೆ ಬೈಯುತ್ತಿದ್ದಾಗ, ಕರೆಂಟು ಹೋಗಲಿ ಎಂದು ಕಾಯುತ್ತಿದ್ದ ಕಾರ್ಖಾನೆ ನಮ್ಮದೊಂದೇ ಇರಬೇಕು. ಕರೆಂಟು ಹೋಯಿತು, ಗಿರಣಿ ನಿಂತಿತು ಎಂದರೆ ಭಟ್ಟರು "ಹಾಂ, ಕೂತ್ಕಳಿ ಕೂತ್ಕಳಿ" ಎಂದು ಓಡಿ ಬರುತ್ತಿದ್ದರು. ಕಿಟಕಿಯ ಬೆಳಕಿನಲ್ಲಿ ನಾವು ನಾಲ್ಕು ಹುಡುಗಿಯರು ಉಸಿರು ಹಿಡಿದು ತೂಗುತ್ತಿದ್ದೆವು. ಅಷ್ಟರಲ್ಲಿ ನನಗೇನೋ ಹೇಳಬೇಕು ಅನ್ನಿಸುತ್ತಿತ್ತು. ಆ ಕೋಣೆಯಿಂದ ಅತಿ ಹೆಚ್ಚು ಸಲ ಹೊರಗೆ ಕಳಿಸಲ್ಪಟ್ಟ ದಾಖಲೆ ಇವತ್ತಿಗೂ ನನ್ನದೇ.

ಮೊದಲ ದೊಡ್ಡ ಅನಾಹುತ ಆಯುಧಪೂಜೆಯ ನೆಪದಲ್ಲಿ ಆಯಿತು. ನಾವು ತಕ್ಕಡಿಯ ಜೊತೆ ತೂಕದ ಬಟ್ಟುಗಳ ಪೆಟ್ಟಿಗೆಯನ್ನೂ ಶಾಲೆಗಳಿಗೆ ಕಳಿಸುತ್ತಿದ್ದೆವು. ಲೇತ್‌ನಲ್ಲಿ ಕಡೆದ ಹಿತ್ತಾಳೆ ಬಟ್ಟುಗಳನ್ನು ನಮ್ಮಲ್ಲಿದ್ದ ಒಂದು ಮಾದರಿ ಪೆಟ್ಟಿಗೆಯ ಬಟ್ಟುಗಳಿಗೆ ಸರಿತೂಗುವಂತೆ ಉಜ್ಜಿ ಉಜ್ಜಿ ಇಳಿಸುವುದು ನನ್ನ ಕೆಲಸ. ಪೂಜೆಯ ಹಿಂದಿನ ದಿನ ಎಲ್ಲರೂ ತಮ್ಮ ತಮ್ಮ ಯಂತ್ರ ಒರೆಸುತ್ತಿದ್ದರು. ನನ್ನ ಮಾದರಿ ಬಟ್ಟುಗಳು ಕಪ್ಪುಗಟ್ಟಿದ್ದವು. ನಾಳೆ ದೇವರ ಮುಂದೆ ಇವನ್ನು ಹೀಗೇ ಇಡುವುದೇ ಎಂದು ನಾಚಿಕೆಯಾಯಿತು. ಭಟ್ಟರು ಆರ್ಡರ್ ಹುಡುಕಿಕೊಂಡು ಧಾರವಾಡದ ಕಡೆ ಹೋಗಿದ್ದರು. ನಾನು ಹುಣಸೆಹಣ್ಣು, ಒಲೆಯ ಬೂದಿ ತಂದು, ದೀಪದ ಕಂಬ ಬೆಳಗುವಂತೆ ಒಂದೊಂದನ್ನೂ ಉಜ್ಜಿದೆ. ಬಂಗಾರದಂತೆ ಹೊಳೆದವು. ಮಾರನೇ ದಿನ ಎಲ್ಲರೂ ಹೊಗಳಿದರು.

ಮೂರು ತಿಂಗಳ ನಂತರ ಭಟ್ಟರು, ಮಾದರಿಗೇ ಮಾದರಿ ಎಂದು ಬೀಗ ಹಾಕಿಟ್ಟಿದ್ದ ತಾಯಿ ಪೆಟ್ಟಿಗೆಯನ್ನು ಹೊರತೆಗೆದು ನಮ್ಮ ಮಾದರಿ ಬಟ್ಟುಗಳನ್ನು ಅದರೊಂದಿಗೆ ಹೋಲಿಸಲು ಕೂತರು. ಒಂದು ಸಲ ತೂಗಿದರು. ಎರಡನೇ ಸಲ ತೂಗಿದರು. ಕನ್ನಡಕ ಒರೆಸಿ ಮೂರನೇ ಸಲ ತೂಗಿದರು.

"ಇದಕ್ಕೆ ಯಾರು ಎಂತ ಮಾಡಿದ್ರಿ?"

"ನಾನೇ ಭಟ್ರೆ!" ಹೊಗಳಿಕೆಗೆ ನಾನು ಎದ್ದು ನಿಂತೆ. "ಹುಣಸೆಹಣ್ಣು ಹಾಕಿ ತಿಕ್ಕಿದ್ದೆ. ಎಷ್ಟು ಲಕಲಕ ಅಂತಿತ್ತು, ನೀವು ಇರಲಿಲ್ಲ ನೋಡ್ಲಿಕ್ಕೆ."

ಭಟ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಿನ್ನ ಹುಣಸೆಹಣ್ಣು ನೂರು ಗ್ರಾಮಿನ ಬಟ್ಟಲ್ಲಿ ನಲವತ್ತು ಮಿಲಿಗ್ರಾಂ ತಿಂದಿದೆ ಮಾರಾಯ್ತಿ."

ಅಷ್ಟರೊಳಗೆ ಆ ತೆಳ್ಳಗಾದ ಬಟ್ಟುಗಳನ್ನೇ ನಂಬಿ ನಾನು ಹತ್ತೊಂಬತ್ತು ಪೆಟ್ಟಿಗೆಗಳನ್ನು ತೆಳ್ಳಗೆ ಮಾಡಿ ಕಳಿಸಿಯಾಗಿತ್ತು. ಕೆಲಸ ಹೋಯಿತು ಎಂದು ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡೆ. ಭಟ್ಟರು ಡಬ್ಬಿ ತೆಗೆಸಿ, ಹತ್ತೊಂಬತ್ತು ಇನ್‌ಲ್ಯಾಂಡ್ ಲೆಟರ್ ಕೊಟ್ಟು, "ಎಲ್ಲಾ ಶಾಲೆಗೂ ಬರಿ. ನಾವು ಕಳಿಸಿದ ತೂಕ ತಪ್ಪು, ಬದಲಿಸಿ ಕೊಡ್ತೇವೆ ಅಂತ" ಎಂದರು.

ಉತ್ತರಗಳು ಬಂದವು. "ನಿಮ್ಮ ಪೆಟ್ಟಿಗೆಯನ್ನು ಬಂದ ದಿನವೇ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೇವೆ, ಮಕ್ಕಳ ಕೈಗೆ ಕೊಟ್ಟಿಲ್ಲ, ತಾವು ಆತಂಕಪಡಬೇಕಾಗಿಲ್ಲ" ಎಂದು ಒಬ್ಬ ಹೆಡ್‌ಮಾಸ್ತರರು ಧೈರ್ಯ ಹೇಳಿದ್ದರು. ಇನ್ನೊಂದು ಶಾಲೆಯಲ್ಲಿ ಐವತ್ತು ಗ್ರಾಮಿನ ಬಟ್ಟು ಹಾಜರಿ ಪುಸ್ತಕ ಹಾರದಂತೆ ಕಾಯುತ್ತಿತ್ತಂತೆ. ಆ ಕೆಲಸಕ್ಕೆ ಕೆಲವು ಮಿಲಿಗ್ರಾಂ ಕಡಿಮೆಯಾದರೂ ನಡೆಯುತ್ತದೆ ಎಂದಿದ್ದರು. ನನಗೆ ಸಮಾಧಾನವಾಯಿತು. ಭಟ್ಟರು ಮಾತ್ರ ಒಂದೊಂದು ಪತ್ರ ಓದಿದಂತೆ ಕುಗ್ಗುತ್ತ ಹೋದರು. "ತೂಕ ತಪ್ಪಾದ್ರೂ ಅಡ್ಡಿಲ್ಲ, ಯಾರಾದ್ರೂ ತೂಗಿದ್ರೆ ಸಾಕಿತ್ತು" ಎಂದರು.

ತೂಗಿದವರು ಒಬ್ಬರಿದ್ದರು. ಗುಡ್ನಾಪುರದ ಕಡೆಯ ಹೈಸ್ಕೂಲಿನ ಒಬ್ಬ ಟೀಚರ್. ಹಳೆಯ ಪೆಟ್ಟಿಗೆಗೂ ಹೊಸದಕ್ಕೂ ತಾಳೆಯಾಗದೆ, ಮಕ್ಕಳೇ ಸರಿಯಾಗಿ ತೂಗುತ್ತಿಲ್ಲ ಎಂದು ಅವರನ್ನು ಬೈದು ನಿಲ್ಲಿಸಿದ್ದರಂತೆ. "ಈಗ ಅವರಿಗೆ ಏನು ಹೇಳಲಿ?" ಎಂದು ಬರೆದಿದ್ದರು. ಭಟ್ಟರು ಹೊಸ ಪೆಟ್ಟಿಗೆ ಕೊಟ್ಟು ನನ್ನನ್ನೇ ಬಸ್ಸು ಹತ್ತಿಸಿದರು. ನಾನು ಆ ತರಗತಿಯಲ್ಲಿ ನಿಂತು, ತಪ್ಪು ನಿಮ್ಮದಲ್ಲ, ನನ್ನದು ಎಂದು ಹುಣಸೆಹಣ್ಣಿನ ಕಥೆ ಹೇಳಿದೆ. ಮಕ್ಕಳು ನಕ್ಕು ಸುಸ್ತಾದರು. ಮುಂದಿನ ಸಾಲಿನ ಒಬ್ಬಳು ಹುಡುಗಿ ಮಾತ್ರ ನಗದೆ ಕೈ ಎತ್ತಿ, "ಎಷ್ಟ್ ಹೊತ್ತು ತಿಕ್ಕಿದ್ರಿ?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಭೌತಶಾಸ್ತ್ರದಲ್ಲಿ ನಾನು ಯಾಕೆ ನಪಾಸಾದೆ ಎಂಬುದು ಅವತ್ತು ತಿಳಿಯಿತು.

ಮಳೆಗಾಲದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. ತಕ್ಕಡಿಯ ಮರದ ಪೆಟ್ಟಿಗೆ ನಮ್ಮಲ್ಲೇ ತಯಾರಾಗುತ್ತಿತ್ತು. ಆಷಾಢದಲ್ಲಿ ಮರ ಉಬ್ಬಿ, ಮೇಲಕ್ಕೆ ಜಾರಿಸುವ ಗಾಜಿನ ಬಾಗಿಲು ಏಳುತ್ತಿರಲಿಲ್ಲ. ನಾನು ಜಾಣತನ ಮಾಡಿ, ಬಡಗಿಗೆ ಹೇಳಿ ಅಂಚುಗಳನ್ನೆಲ್ಲ ಕೆತ್ತಿಸಿ ಸಲೀಸಾಗಿ ಜಾರುವಂತೆ ಮಾಡಿಸಿದೆ. ಅವು ವಿಜಯಪುರದ ಕಡೆಗೆ ಹೋದವು. ಅಲ್ಲಿನ ಬಿಸಿಲಿಗೆ ಮರ ಕುಗ್ಗಿ, ಪೆಟ್ಟಿಗೆ ಎತ್ತಿದ ಕೂಡಲೇ ಗಾಜುಗಳೆಲ್ಲ ಕಳಚಿ ಬಿದ್ದವಂತೆ. ಯಂತ್ರ ಎಲ್ಲಿ ತಯಾರಾಗುತ್ತದೆ ಎಂಬುದಷ್ಟೇ ಅಲ್ಲ, ಎಲ್ಲಿ ಹೋಗಿ ಬಾಳುತ್ತದೆ ಎಂಬುದೂ ಗೊತ್ತಿರಬೇಕು ಎಂದು ಭಟ್ಟರು ಹೇಳಿದರು. ಅದನ್ನು ಹೇಳುವ ಮೊದಲು ಬೇರೆ ಕೆಲವು ಮಾತುಗಳನ್ನೂ ಹೇಳಿದ್ದರು. ಅವನ್ನು ಬರೆಯುವುದಿಲ್ಲ.

ಆದರೆ ನನ್ನನ್ನು ಇವತ್ತಿಗೂ ಕುಟುಕುವುದು ತ್ಯಾಗಲಿಯ ಮಳೆ.

ನಾವು ಮಳೆಮಾಪಕವನ್ನೂ ಮಾಡುತ್ತಿದ್ದೆವು. ಅದರಲ್ಲಿ ಎರಡು ಬಗೆ: ಚಿಕ್ಕ ಬಾಯಿಯದು, ಅದರ ಎರಡರಷ್ಟು ವಿಸ್ತೀರ್ಣದ ದೊಡ್ಡ ಬಾಯಿಯದು. ಬಿದ್ದ ನೀರನ್ನು ಗೆರೆ ಹಾಕಿದ ಗಾಜಿನ ಲೋಟಕ್ಕೆ ಸುರಿದು ಎಷ್ಟು ಮಿಲಿಮೀಟರ್ ಮಳೆ ಎಂದು ಓದಬೇಕು. ಚಿಕ್ಕದಕ್ಕೆ ಬೇರೆ ಲೋಟ, ದೊಡ್ಡದಕ್ಕೆ ಬೇರೆ ಲೋಟ. ತ್ಯಾಗಲಿಯ ಹೆಗಡೆ ಮಾಸ್ತರರು ನಿವೃತ್ತರಾದ ಮೇಲೆ ನಮ್ಮ ದೊಡ್ಡ ಮಾಪಕ ಒಯ್ದು ಅಂಗಳದಲ್ಲಿ ನೆಟ್ಟಿದ್ದರು. ದಿನಾ ಬೆಳಿಗ್ಗೆ ಎಂಟೂವರೆಗೆ ಅಳೆದು ಪುಸ್ತಕದಲ್ಲಿ ಬರೆಯುತ್ತಿದ್ದರು. ಯಾರೂ ಅವರಿಗೆ ಬರೆಯಲು ಹೇಳಿರಲಿಲ್ಲ. ಒಮ್ಮೆ ಅವರ ಲೋಟ ಒಡೆಯಿತು. ಹೊಸದು ಬೇಕೆಂದು ಕಾರ್ಡು ಹಾಕಿದರು. ನಾನು ಪಕ್ಕದವಳ ಜೊತೆ ಮಾತಾಡುತ್ತ ಲೋಟ ಕಟ್ಟಿ ಕಳಿಸಿದೆ.

ಎರಡನೇ ಮಳೆಗಾಲವೂ ಮುಗಿಯುತ್ತ ಬಂದಿತ್ತು. ಒಂದು ಬೆಳಿಗ್ಗೆ ಚಹಾದ ಹೊತ್ತಿಗೆ ಭಟ್ಟರು ಪೇಪರ್ ಓದುತ್ತಿದ್ದವರು ತಲೆ ಎತ್ತಿದರು. "ನಿನ್ನೆ ಸಿದ್ದಾಪುರದಲ್ಲಿ ಅರವತ್ತು ಮಿಲಿಮೀಟರ್. ತ್ಯಾಗಲಿಯಲ್ಲಿ ನೂರಾ ಹದಿನೆಂಟು. ಮೊನ್ನೆನೂ ಹೀಗೇ ಇತ್ತು. ತ್ಯಾಗಲಿಗೆ ಮಾತ್ರ ಮಳೆ ಎರಡೆರಡು ಸಲ ಬೀಳ್ತದಾ?"

ಚಹಾ ಕೆಳಗಿಟ್ಟು, ನಾನು ಕಟ್ಟಿ ಕಳಿಸಿದ ಲೋಟ ಯಾವುದೆಂದು ನೆನಪಿಸಿಕೊಂಡೆ. ದೊಡ್ಡ ಮಾಪಕಕ್ಕೆ ಚಿಕ್ಕದರ ಲೋಟ ಇಟ್ಟರೆ ಮಳೆ ಸರಿಯಾಗಿ ಎರಡು ಪಟ್ಟು ಕಾಣುತ್ತದೆ.

ಸರಿಯಾದ ಲೋಟ ಹಿಡಿದು ಮಧ್ಯಾಹ್ನದ ಬಸ್ಸಿಗೆ ಹೋದೆ. ಮಾಸ್ತರರು ಜಗಲಿಯಲ್ಲಿ ಕೂತಿದ್ದರು. ತಕ್ಕಡಿ ಕಾರ್ಖಾನೆಯವಳು ಎಂದ ಕೂಡಲೇ ಮುಖ ಅರಳಿತು. "ಬಾ, ಕೂತ್ಕ. ನಿಮ್ಮ ಮಾಪಕ ಭಾರೀ ಚಲೋ ಇದೆ. ಎರಡು ವರ್ಷದಿಂದ ಮಳೆ ಎಷ್ಟು ಹೆಚ್ಚಾಗಿದೆ ಗೊತ್ತಿದ್ಯಾ? ಪೇಪರಿನವರು ದಿನಾ ಫೋನ್ ಮಾಡಿ ಕೇಳ್ತಾರೆ."

ನಾನು ಹೇಳಿದೆ. ಹೇಗೆ ಹೇಳಿದೆನೋ ನೆನಪಿಲ್ಲ. ಮಾಸ್ತರರು ಎರಡೂ ಲೋಟ ಅಕ್ಕಪಕ್ಕ ಇಟ್ಟು, ಒಂದರಿಂದ ಇನ್ನೊಂದಕ್ಕೆ ನೀರು ಸುರಿದು ನೋಡಿದರು. ಅರಳಿದ್ದ ಮುಖ ಬಾಡಿತು.

"ನನ್ನ ಲೆಕ್ಕ ನೋಡಿ ಪಂಚಾಯ್ತಿಯವರು ಹಳ್ಳ ದಾಟೂ ಕಾಲುಸಂಕ ಎರಡು ಮೊಳ ಎತ್ತರಿಸಿ ಕಟ್ಟಿದಾರೆ. ಈಗ ಹೋಗಿ ಮುರೀಲಾ?"

"ಎತ್ತರ ಇದ್ರೆ ಒಳ್ಳೇದೇ ಅಲ್ದಾ ಮಾಸ್ತರೆ" ಎಂದೆ. ಬಾಯಿ ಮುಚ್ಚಿಕೊಳ್ಳಬೇಕಾದ ಸಮಯ ನನಗೆ ಯಾವತ್ತೂ ತಿಳಿದದ್ದಿಲ್ಲ.

ಅವರು ಒಳಗೆ ಹೋಗಿ ಎರಡು ಉದ್ದ ಪುಸ್ತಕ, ಒಂದು ಕೆಂಪು ಪೆನ್ನು ತಂದು ನನ್ನ ಮುಂದಿಟ್ಟರು. "ಅರ್ಧ ಮಾಡು."

"ಎಲ್ಲಾನಾ?"

"ನಿಂಗೆ ಬೇಕಾದ ದಿನದ್ದು ಮಾತ್ರ ಮಾಡ್ತೆಯಾ?"

ಎರಡು ಮಳೆಗಾಲದ ಒಂದೊಂದು ದಿನ. ನಾನು ಅಂಕಿ ಹೊಡೆದು ಪಕ್ಕದಲ್ಲಿ ಅರ್ಧ ಬರೆಯುತ್ತ ಹೋದೆ. ಅವರು ಎದುರಿಗೆ ಕೂತು ಪರೀಕ್ಷಿಸುತ್ತಿದ್ದರು. ಮೂವತ್ತೇಳರ ಅರ್ಧವನ್ನು ನಾನು ಎರಡು ಸಲ ತಪ್ಪು ಬರೆದೆ. ಅಂಕಿಗಳ ಪಕ್ಕದಲ್ಲಿ ಅವರು ಸಣ್ಣಗೆ ಏನೇನೋ ಬರೆದಿದ್ದರು: 'ಈ ವರ್ಷದ ಅತಿ ದೊಡ್ಡ ಮಳೆ', 'ಹಿಂದೆಂದೂ ಕಂಡಿರಲಿಲ್ಲ'. ಅಂಥ ಸಾಲು ಬಂದಾಗ ನಾನು ಪೆನ್ನು ಎತ್ತಿ ಅವರ ಮುಖ ನೋಡುತ್ತಿದ್ದೆ. "ಹೊಡಿ" ಎನ್ನುತ್ತಿದ್ದರು. ಮಗುವಿನ ಮುಡಿ ತೆಗೆಸುವಾಗ ಮುಖ ತಿರುಗಿಸುವ ತಾಯಿಯ ಹಾಗೆ ಆ ಹೊತ್ತಿಗೆ ಅಂಗಳದ ಕಡೆ ನೋಡುತ್ತಿದ್ದರು. ನನಗೆ ಅಳು ಬಂತು. ಪುಸ್ತಕದ ಮೇಲೆ ಬಿದ್ದೀತೆಂದು ಹಿಂದೆ ಸರಿದು ಅತ್ತೆ.

ಮುಗಿಯುವಾಗ ಕೊನೆಯ ಬಸ್ಸಿನ ಹೊತ್ತಾಗಿತ್ತು. ಮಾಸ್ತರರು ಕಷಾಯ ಕೊಟ್ಟು, ಪುಸ್ತಕದ ಕೆಳಗೆ ತಾವೇ ಬರೆದರು: 'ತಪ್ಪು ಲೋಟ ಬಂದ ಕಾರಣ ಅರ್ಧ ಮಾಡಿದ್ದು.'

"ಕಳಿಸಿದವರ ಹೆಸರು ಬರೀಲಿಲ್ಲ?" ಎಂದೆ.

"ನೀ ಎಂತ ದೊಡ್ಡ ಮನುಷ್ಯೆ ಅಂತ ಹೆಸರು ಬರೀಲಿ? ಬಸ್ ತಪ್ತದೆ, ನಡಿ."

ಎರಡು ಸಾವಿರದ ಇಸವಿ ದಾಟಿದ ಮೇಲೆ ಎಲ್ಲ ಬದಲಾಗತೊಡಗಿತು. ಗಿರಣಿ ಬೇರೆ ಕಡೆ ಹೋಯಿತು. ಗುಂಡಿ ಒತ್ತಿದರೆ ಅಂಕಿ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿ ಬಂತು. ಮಾಲು ಪರೀಕ್ಷಿಸಿ ಹೊರಗೆ ಬಿಡುವುದು ಆಗ ನನ್ನ ಕೆಲಸ; ಮೊದಲ ದಿನ ಅದನ್ನು ಪರೀಕ್ಷಿಸಿ, ಅಂಕಿ ಸುಮ್ಮನೆ ಏರುತ್ತಲೇ ಇದೆ, ಯಂತ್ರ ಕೆಟ್ಟಿದೆ ಎಂದು ಬರೆದುಕೊಟ್ಟೆ. ನನ್ನ ಮೊಣಕೈ ಅದರ ತಟ್ಟೆಯ ಮೇಲಿತ್ತು. ಇದನ್ನು ತೋರಿಸಿಕೊಟ್ಟವನು ಬಸವರಾಜ, ಗುಣಮಟ್ಟ ನೋಡಿಕೊಳ್ಳಲು ಹಾನಗಲ್ಲಿನ ಕಡೆಯಿಂದ ಬಂದ ಎಂಜಿನಿಯರ್. ಚೀಟಿ ಪದ್ಧತಿ ತಂದವನೂ ಅವನೇ.

"ಗಿರಿಜಕ್ಕಾ, ಹಸಿರು ಚೀಟಿ ಅಂದ್ರ ಪಾಸ್, ಕೆಂಪು ಅಂದ್ರ ಫೇಲ್. ನೀವು ಸಹಿ ಮಾಡಿ ಹಸಿರು ಕಟ್ಟಿದ್ರಷ್ಟ ಮಾಲು ಹೊರಗ ಹೋಗೂದು ನೋಡ್ರಿ."

"ಇಷ್ಟು ವರ್ಷ ಬಾಯಲ್ಲೇ ಹೇಳ್ತಿದ್ನಲ್ಲ ಮಾರಾಯ."

"ನೀವು ಬಾಯಲ್ಲಿ ಭಾಳ ಹೇಳ್ತೀರಿ. ಅದಕ್ಕ ಚೀಟಿ ತಂದೀನ್ರಿ."

ಹಳೆಯ ತಕ್ಕಡಿಗೆ ಆಗಲೂ ಕೆಲವು ಕಾಲೇಜುಗಳಿಂದ ಬೇಡಿಕೆ ಇತ್ತು. ಅದರ ದಂಡ ಆಡುವುದು ಕಲ್ಲಿನ ಸಣ್ಣ ಅಲಗಿನ ಮೇಲೆ. ಆ ಅಲಗನ್ನು ಕೂರಿಸುವ ಕೆಲಸ ಭಟ್ಟರು ಬೇರೆಯವರಿಗೆ ಕೊಟ್ಟದ್ದೇ ಇಲ್ಲ. ಕಂಪನಿ ಎಂದರೆ ಆ ಎರಡು ಕೈ ಎಂದು ನಾವೆಲ್ಲ ತಿಳಿದಿದ್ದೆವು. ಒಂದು ವಾರ ಅವರ ಮೇಜಿನಿಂದ ಬಂದ ನಾಲ್ಕು ತಕ್ಕಡಿಗಳನ್ನು ಪರೀಕ್ಷಿಸಿದೆ. ದಂಡ ಎತ್ತಿ ಇಳಿಸಿದರೆ ಮುಳ್ಳು ಪ್ರತಿ ಸಲವೂ ಅದೇ ಗೆರೆಗೆ ಬರಬೇಕು. ಬರಲಿಲ್ಲ. ಒಮ್ಮೆ ಎರಡು ಗೆರೆ ಆಚೆ, ಒಮ್ಮೆ ಈಚೆ. ಮೇಜು ಬದಲಿಸಿದೆ, ಕಿಟಕಿ ನೋಡಿದೆ. ಬೈಯೋಣವೆಂದರೆ ಗಿರಣಿಯೂ ಇರಲಿಲ್ಲ. ಕೊನೆಗೆ ನಾಲ್ಕಕ್ಕೂ ಹಸಿರು ಚೀಟಿ ಕಟ್ಟಿ ಸಹಿ ಮಾಡಿದೆ. ಭಟ್ಟರಿಗೆ ಮರ್ಯಾದೆ ಕೊಟ್ಟೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ಹೆದರಿದ್ದೆ, ಅಷ್ಟೇ.

ಒಂದು ಯಲ್ಲಾಪುರದ ಕಡೆಗೆ ಹೋಯಿತು. ಮೂರು ವಾರದಲ್ಲಿ ಮರಳಿ ಬಂತು, ಜೊತೆಗೊಂದು ಪತ್ರ: ಒಂದೇ ಕಲ್ಲನ್ನು ಮೂರು ಸಲ ತೂಗಿದರೆ ಮೂರು ತೂಕ ಬರುತ್ತಿದೆ. ಭಟ್ಟರು ಪತ್ರ ಓದಿ, ಪೆಟ್ಟಿಗೆಯನ್ನು ತೂಕದ ಕೋಣೆಗೆ ತರಿಸಿ ನನ್ನನ್ನು ಕರೆದರು. ಮೂರು ಸಲ ದಂಡ ಎತ್ತಿ ಇಳಿಸಿದರು.

"ಈ ಸಹಿ ನಿಂದಾ?"

"ಹೌದು ಭಟ್ರೆ."

"ತೂಗಿ ನೋಡದೆ ಸಹಿ ಹಾಕಿದ್ಯಾ?"

"ನೋಡಿದ್ದೆ. ಎರಡು ಗೆರೆ ತಪ್ಪಿತ್ತು."

"ಮತ್ತೆ ಹಸಿರು ಚೀಟಿ?"

"ನೀವು ಕೂರಿಸಿದ ಅಲಗು ಅಂತ..."

"ಯಾರು ಕೂರಿಸಿದ್ದು ಅಂತ ಮುಳ್ಳಿಗೆ ಗೊತ್ತಿದ್ಯಾ?"

ಹೇಳುತ್ತ ಅವರು ಪೆಟ್ಟಿಗೆಯ ಮೇಲೆ ಬಲಗೈ ಇಟ್ಟರು. ಗಾಜಿನ ಬಾಗಿಲು ಸಣ್ಣಗೆ ಗಲಗಲ ಎಂದಿತು. ಅವರು ಕೈ ತೆಗೆದರು, ಸದ್ದು ನಿಂತಿತು. ಮತ್ತೆ ಇಟ್ಟರು, ಮತ್ತೆ ಸದ್ದು. ಇಬ್ಬರೂ ಕೇಳಿದೆವು. ಆ ಕೋಣೆಯಲ್ಲಿ ಯಾರೂ ಹೇಳದೆ ನಾನು ಬಾಯಿ ಮುಚ್ಚಿ ಕೂತದ್ದು ಅದೊಂದೇ ಸಲ.

"ಉಳಿದ ಮೂರು ಎಲ್ಲಿದೆ?"

ಕಪಾಟಿನಲ್ಲಿದ್ದವು. ತಂದಿಟ್ಟೆ. ಹಸಿರು ಚೀಟಿಗಳನ್ನು ಅವರೇ ಕಿತ್ತು, "ಕೆಂಪು ಬರಿ" ಎಂದರು. ಚೀಟಿಯಲ್ಲಿ ಕೆಲಸ ಮಾಡಿದವರ ಹೆಸರಿಗೊಂದು ಜಾಗ ಇತ್ತು. ಅದನ್ನು ಖಾಲಿ ಬಿಟ್ಟೆ. ಅವರು ಅಲ್ಲಿ ಬೆರಳಿಟ್ಟು ಕಾದರು. ನಾನು ಮೂರು ಚೀಟಿಯ ಮೇಲೂ ಅವರ ಹೆಸರು ಬರೆದೆ.

ಮಾರನೇ ದಿನ ಅಲಗಿನ ಮೇಜಿನಲ್ಲಿ ಲೇತ್ ನಡೆಸುವವನು ಕೂತು ಕಲಿಯುತ್ತಿದ್ದ. ಭಟ್ಟರು ಅರ್ಧ ದಿನ ಅವನ ಬೆನ್ನ ಹಿಂದೆ ನಿಂತು ಹೇಳಿಕೊಟ್ಟರು. ಆಮೇಲೆ ತಮ್ಮ ಸ್ಟೂಲನ್ನು ಎತ್ತಿಕೊಂಡು ಹೋಗಿ ಪ್ಯಾಕಿಂಗ್ ಮೇಜಿನ ಪಕ್ಕ ಇಟ್ಟುಕೊಂಡರು. ಹುಲ್ಲು, ಹಳೆಯ ಪೇಪರು, ಸುತಲಿ. ಕಂಪನಿ ಕಟ್ಟಿದ ಮನುಷ್ಯ ಅಲ್ಲಿಯವರೆಗೆ ಒಂದು ಪೆಟ್ಟಿಗೆಯನ್ನೂ ತುಂಬಿದವರಲ್ಲ. ಮೊದಲ ಪೆಟ್ಟಿಗೆ ತುಂಬಿ ನನ್ನ ಕಡೆ ನೂಕಿದರು.

ಮುಚ್ಚಳ ತೆಗೆದು ನೋಡಿದೆ. ಎರಡು ತಟ್ಟೆಗಳ ನಡುವೆ ಕಾಗದ ಇಟ್ಟಿರಲಿಲ್ಲ. ದಾರಿಯಲ್ಲಿ ಉಜ್ಜಿ ಗೀರು ಬೀಳುತ್ತದೆ. ಶೆಡ್ಡಿನಲ್ಲಿ ಎಲ್ಲರೂ ಕೆಲಸ ಮಾಡುವಂತೆ ನಟಿಸುತ್ತ ನನ್ನನ್ನೇ ನೋಡುತ್ತಿದ್ದರು. ಬಸವರಾಜ ಮಾತ್ರ ನಟಿಸದೆ ನೋಡುತ್ತಿದ್ದ. ನಾನು ಕೆಂಪು ಚೀಟಿ ತೆಗೆದು, 'ತಟ್ಟೆಗಳ ನಡುವೆ ಕಾಗದ ಇಲ್ಲ' ಎಂದು ಬರೆದು, ಹೆಸರಿನ ಜಾಗ ತುಂಬಿ, ಸಹಿ ಮಾಡಿ, ಪೆಟ್ಟಿಗೆಯನ್ನು ಅವರ ಕಡೆ ನೂಕಿದೆ. ಕೈ ನಡುಗುತ್ತಿತ್ತು, ನನ್ನದು.

ಭಟ್ಟರು ಕನ್ನಡಕ ಏರಿಸಿಕೊಂಡು ಚೀಟಿ ಓದಿದರು. ಇನ್ನೊಂದು ಸಲ ಓದಿದರು.

"ಸರಿ ಇದ್ದು" ಎಂದರು. ಮನೆಯವರ ಜೊತೆ ಆಡುವ ಹವ್ಯಕ ಮಾತಿನಲ್ಲಿ ನನಗೆ ಏನಾದರೂ ಹೇಳಿದ್ದು ಅದೇ ಮೊದಲು. ಆಮೇಲೆ ಹುಲ್ಲನ್ನೆಲ್ಲ ಹೊರತೆಗೆದು, ಪೇಪರಿನ ಹಾಳೆಯನ್ನು ತಟ್ಟೆಯ ಅಳತೆಗೆ ಮಡಚತೊಡಗಿದರು.